ಕೆನ್ನೆಯ ಪಕ್ಕ ಹಿಡಿದ ಮೀಟರು

ಈ ಸಲದ ಆಯುಧಪೂಜೆಯ ಬೆಳಿಗ್ಗೆ ಪೀಣ್ಯದ ನನ್ನ ಪುಟ್ಟ ಸ್ಟುಡಿಯೋದಲ್ಲಿ ಒಂದೊಂದೇ ಸಾಮಾನು ಒರೆಸಿ ಮೇಜಿನ ಮೇಲೆ ಜೋಡಿಸುತ್ತಿದ್ದೆ. ಪಕ್ಕದ ಲೇತ್ ಶಾಪಿನವರು ಆಗಲೇ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ರಸ್ತೆಯನ್ನೆಲ್ಲ ಕೆಂಪು ಮಾಡಿದ್ದರು. ಕ್ಯಾಮೆರಾ, ಲೆನ್ಸು, ಸ್ಟ್ಯಾಂಡು ಎಲ್ಲ ಮುಗಿಸಿ ಕಪಾಟಿನ ಕೆಳಗಿನಿಂದ ಕಂದು ಚರ್ಮದ ಒಂದು ಚಿಕ್ಕ ಚೀಲ ತೆಗೆದೆ. ಗುಂಡಿ ಬಿಚ್ಚಿದ್ದೇ ತಡ, ಹಳೆ ಚರ್ಮ, ನುಸಿಗುಳಿಗೆ, ನಶ್ಯ ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು... ಅಂಕಲ್ ಬೆನ್ನ ಹಿಂದೆ ಬಂದು ನಿಂತರೇನೋ ಅನ್ನಿಸಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರು ಹೋಗಿ ಆಗಲೇ ಕೆಲವು ವರ್ಷಗಳಾಗಿವೆ.

ಚೀಲದಲ್ಲಿದ್ದದ್ದು ಅವರ ಲೈಟ್ ಮೀಟರು. ನೋಡದವರಿಗೆ ಹೇಳುವುದಾದರೆ, ಅಂಗೈಯಲ್ಲಿ ಹಿಡಿಸುವ ಒಂದು ಕಪ್ಪು ಡಬ್ಬಿ. ಮುಂದೆ ಅಂಕಿಗಳ ಬಿಲ್ಲೆ, ಅದರ ಮೇಲೊಂದು ಸಣ್ಣ ಮುಳ್ಳು. ತಲೆಯ ಮೇಲೆ ಪಿಂಗ್‌ಪಾಂಗ್ ಚೆಂಡನ್ನು ಅರ್ಧ ಕತ್ತರಿಸಿ ಅಂಟಿಸಿದಂಥ ಬಿಳಿ ಗುಂಬಟ. ಬೆಳಕು ಎಷ್ಟಿದೆ ಎಂದು ಮುಳ್ಳು ತೋರಿಸುತ್ತದೆ, ಅದಕ್ಕೆ ತಕ್ಕ ಹಾಗೆ ನಾವು ಕ್ಯಾಮೆರಾ ಹೊಂದಿಸಿಕೊಳ್ಳಬೇಕು. ಫೋನಿನಲ್ಲೇ ಫೋಟೋ ಹೊಡೆಯುವ ಈಗಿನವರಿಗೆ ಇದು ಬೀಸುವ ಕಲ್ಲಿನಷ್ಟು ಹಳೆಯ ಸಾಮಾನು. ಎಲ್ಲಕ್ಕೂ ಕುಂಕುಮ ಇಟ್ಟೆ, ಮೀಟರಿಗೂ ಇಟ್ಟೆ. ಆದರೆ ಹಿಂಬದಿಗೆ ಇಟ್ಟೆನೇ ಹೊರತು ಗುಂಬಟಕ್ಕಲ್ಲ. ಗುಂಬಟಕ್ಕೆ ಕುಂಕುಮ ಇಟ್ಟರೆ ಏನಾಗುತ್ತದೆ ಎಂದು ಚಿಕ್ಕಬಾಣಾವರದ ನಮ್ಮ ಬೀದಿಯವರಿಗಷ್ಟೇ ಗೊತ್ತು.

ಅಂಕಲ್ ನಮ್ಮ ಪಕ್ಕದ ಮನೆಯವರು. ಅಪ್ಪನೂ ಅವರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಚಿಕ್ಕಬಾಣಾವರ ಎಂದರೆ ರಾಗಿ ಹೊಲ ಮತ್ತು ರೈಲ್ವೆ ಸ್ಟೇಷನ್ನು ಎಂದಿದ್ದ ಕಾಲದಲ್ಲಿ ಜೊತೆಯಾಗಿ ಸೈಟು ತೆಗೆದುಕೊಂಡು, ನಡುವೆ ಒಂದೇ ಕಾಂಪೌಂಡು ಎಬ್ಬಿಸಿ, ಅತ್ತ ಇತ್ತ ಮನೆ ಕಟ್ಟಿಕೊಂಡಿದ್ದರು. ಅಪ್ಪ ಮೆಷಿನ್ ಶಾಪು, ಅಂಕಲ್ ಫೋಟೋ ಸೆಕ್ಷನ್ನು. ಕಾರ್ಖಾನೆಗೆ ಫೋಟೋ ಸೆಕ್ಷನ್ ಯಾಕೆ ಎಂದು ಕೇಳಬೇಡಿ, ಆಗ ಎಲ್ಲದಕ್ಕೂ ಒಂದೊಂದು ಸೆಕ್ಷನ್ ಇರುತ್ತಿತ್ತು. ತಯಾರಾದ ಮೆಷಿನ್ನುಗಳ ಫೋಟೋ, ರಿಟೈರ್ ಆಗುವವರಿಗೆ ಹಾರ ಹಾಕುವ ಫೋಟೋ, ಮಂತ್ರಿಗಳು ಬಂದರೆ ಅವರ ಫೋಟೋ. ಒಮ್ಮೆ ಮಂತ್ರಿಯೊಬ್ಬರ ಮುಖದ ಹತ್ತಿರ ಮೀಟರ್ ಹಿಡಿದಾಗ ಅವರು ಅದನ್ನು ಮೈಕು ಎಂದುಕೊಂಡು, ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿಬಿಟ್ಟರಂತೆ. ಅಪ್ಪ ಈ ಕಥೆಯನ್ನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಹೇಳಿದಷ್ಟು ಸಲವೂ ಮಂತ್ರಿಯ ಭಾಷಣ ಸ್ವಲ್ಪ ಉದ್ದವಾಗುತ್ತಿತ್ತು.

ಕಾರ್ಖಾನೆ ಬಿಟ್ಟ ಮೇಲೆ ಅಂಕಲ್ ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇಟ್ಟರು. ಆಗಷ್ಟೇ ಡಿಜಿಟಲ್ ಕ್ಯಾಮೆರಾ ಬರುತ್ತಿದ್ದ ಕಾಲ. ಅವರೂ ಒಂದು ತಂದರು, ಆದರೆ ಹಳೆ ಮೀಟರನ್ನು ಬಿಡಲಿಲ್ಲ. ಗೇಟ್ ಪಾಸಿಗೆ, ಬ್ಯಾಂಕ್ ಖಾತೆಗೆ ಪಾಸ್‌ಪೋರ್ಟ್ ಫೋಟೋ ಬೇಕೆಂದು ಪೀಣ್ಯದಲ್ಲಿ ದುಡಿಯುವವರು ಬರುತ್ತಿದ್ದರು, ಹೆಚ್ಚಿನವರು ರಾಯಚೂರು, ಕಲಬುರಗಿ ಕಡೆಯವರು. ಅವರ ಕೆನ್ನೆಯ ಹತ್ತಿರವೂ ಮೀಟರ್ ಹೋಗುತ್ತಿತ್ತು. "ಏನ್ ಮಾತಾಡ್ಲಿರೀ ಇದರಾಗ?" ಎಂದು ಒಬ್ಬ ಕೇಳಿದ್ದು ನನಗೆ ಈಗಲೂ ನೆನಪಿದೆ. ಅಂಕಲ್ ಮಹಾ ಮುಂಗೋಪಿ. "ಮಾತಾಡ್ಬೇಡಪ್ಪ, ಸುಮ್ನೆ ಕೂತ್ಕೋ" ಎಂದು ಗದರಿ, ಒಂದು ಚಿಟಿಕೆ ನಶ್ಯ ಏರಿಸಿ, ಮುಳ್ಳು ನೋಡುತ್ತಿದ್ದರು. ಒಳಗಿನಿಂದ ಆಂಟಿ, "ಪಾಪ, ಯಾಕ್ರೀ ಬೈತೀರ?" ಎನ್ನುತ್ತಿದ್ದರು. ಆಂಟಿ ನನ್ನ ಬಣ್ಣದವರೇ. ಅದಕ್ಕೋ ಏನೋ ಚಿಕ್ಕಂದಿನಿಂದ ನನಗೆ ಅವರನ್ನು ಕಂಡರೆ ಒಂದು ಕೈ ಹೆಚ್ಚು ಸಲಿಗೆ.

ನನ್ನ ಬಣ್ಣ ಕಪ್ಪು. ಎಣ್ಣೆಗೆಂಪು, ಸಾದಗಪ್ಪು, ಕೃಷ್ಣವರ್ಣ ಎಂದೆಲ್ಲ ನಮ್ಮ ನೆಂಟರು ಸುತ್ತಿ ಬಳಸಿ ಹೇಳುತ್ತಿದ್ದರು. ಇರುವುದು ಕಪ್ಪು, ಅಷ್ಟೆ. ಅದರಿಂದ ನನಗೇನೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಮನೆಯಲ್ಲಿ ನನಗೆ ಗಂಡು ನೋಡಲು ಶುರುಮಾಡಿದ ಮೇಲೆ.

ಗಂಡಿನ ಕಡೆಗೆ ಮೊದಲು ಹೋಗುವುದು ಜಾತಕ ಮತ್ತು ಫೋಟೋ. ಅಮ್ಮ ನನಗೆ ರೇಷ್ಮೆ ಸೀರೆ ಉಡಿಸಿ ಬಸ್ ಸ್ಟಾಪಿನ ಹತ್ತಿರದ ಒಂದು ಕಲರ್ ಲ್ಯಾಬಿಗೆ ಕರೆದುಕೊಂಡು ಹೋದರು. ಮುಖಕ್ಕೆ ಪೌಡರ್ ಬಳಿದು, ದೀಪಗಳನ್ನೆಲ್ಲ ಹಾಕಿ ತೆಗೆದರು. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಏನೇನೋ ಒತ್ತಿದರು. ನೋಡ ನೋಡುತ್ತ ನನ್ನ ಮುಖ ಗೋಧಿಹಿಟ್ಟಿಗೆ ತಿರುಗಿತು. ಮೂಗಿನ ಪಕ್ಕದ ಮಚ್ಚೆಯೂ ಹೋಯಿತು. "ಲಕ್ಷಣವಾಗಿದ್ದಾಳೆ" ಎಂದು ಅಮ್ಮ ಕಣ್ಣರಳಿಸಿದರು. ಯಾರು ಎಂದು ಕೇಳಬೇಕೆನಿಸಿತು ನನಗೆ.

ಫೋಟೋ ಒಪ್ಪಿಕೊಂಡು ಒಂದು ಮನೆಯವರು ಬಂದರು. ನಾನು ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದೆ. ಹುಡುಗ ತಲೆ ಎತ್ತಿದ. ಮುಖ ಇಳಿಯಿತು. ಒಂದೇ ಗಳಿಗೆ, ಅಷ್ಟೇ. ಆಮೇಲೆ ಅವನು ಸರಿಯಾಗಿಯೇ ನಕ್ಕ, ಏನು ಓದಿದ್ದೀರಿ ಎಂದು ಕೇಳಿದ, ಖಾರಾಬಾತು ತಿಂದ. ಅವನ ತಾಯಿ ಮಾತ್ರ ವ್ಯಾನಿಟಿ ಬ್ಯಾಗಿನೊಳಗೇ ಫೋಟೋ ಇಟ್ಟುಕೊಂಡು ಕದ್ದು ಕದ್ದು ನೋಡುತ್ತಿದ್ದರು. ಬೇಡ ಎನ್ನಲಿ, ಬಯ್ಯಲಿ, ಎಲ್ಲ ತಡೆದುಕೊಳ್ಳಬಹುದು. ಆ ಮುಖ ಇಳಿಯುವ ಗಳಿಗೆ ಇದೆಯಲ್ಲ... ಕೈಯಲ್ಲಿ ಬಿಸಿ ಕಾಫಿ ಇರುತ್ತದೆ, ಓಡಿಹೋಗುವುದಕ್ಕೂ ಆಗುವುದಿಲ್ಲ. ಎರಡನೆಯ ಮನೆಯವರು ಬಂದಾಗಲೂ ಹಾಗೆಯೇ ಆಯಿತು. ಅವರು ಹೋದ ಮೇಲೆ ನಾನು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಹೊರಗೆ ಬಂದು, ಇನ್ನು ಯಾರ ಮುಖವೂ ನನ್ನ ಎದುರಿಗೆ ಇಳಿಯಕೂಡದು, ಅದಕ್ಕೆ ಏನು ಮಾಡಬೇಕೋ ಮಾಡಿ, ಇಲ್ಲದಿದ್ದರೆ ನನ್ನನ್ನು ಬಿಟ್ಟುಬಿಡಿ ಎಂದೆ. ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು. ಅಪ್ಪ ಕಾಂಪೌಂಡಿನ ಆಚೆ ನೋಡಿ, "ಅವನ ಕೈಲೇ ಒಂದು ತೆಗೆಸ್ಬಾರ್ದಾ?" ಎಂದರು.

ಹಾಗೆ ಒಂದು ಭಾನುವಾರ ಅಂಕಲ್ ನನ್ನನ್ನು ತಮ್ಮ ಮನೆಯ ಜಗಲಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಪೌಡರ್ ತೊಳೆದುಕೊಂಡು ಬಾ ಎಂದು ಮೊದಲು ಓಡಿಸಿದರು. ಹಿಂದೆ ಸುಣ್ಣದ ಗೋಡೆ. ಕ್ಯಾಮೆರಾದಲ್ಲೇ ಬೆಳಕು ಅಳೆಯುವ ಏರ್ಪಾಡು ಇದೆಯಲ್ಲ ಅಂಕಲ್, ಈ ಡಬ್ಬಿ ಯಾಕೆ ಎಂದು ಕೇಳಿದೆ. ಮಾತಿಗೆ ಬದಲು ಅವರು ಕ್ಯಾಮೆರಾ ಹೇಳಿದ ಹಾಗೆಯೇ ಒಂದು ಫೋಟೋ ತೆಗೆದು ತೋರಿಸಿದರು. ಬಿಳಿ ಗೋಡೆ ನೋಡಿ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ತಿಳಿದು ಕಡಿಮೆ ಮಾಡಿಕೊಂಡಿತ್ತು. ಗೋಡೆ ಬೂದಿಯಂತೆ, ನಾನು ಇದ್ದಲಿನಂತೆ, ಕಣ್ಣು ಹಲ್ಲು ಎರಡೇ ಕಾಣುತ್ತಿದ್ದವು. ನನಗೆ ಅಳು ಬಂತು. ಆಮೇಲೆ ಅವರು ನನ್ನ ಹಿಂದೆ ಕಪ್ಪು ಕಂಬಳಿ ಇಳಿಬಿಟ್ಟು ಮತ್ತೆ ತೆಗೆದರು. ಈಗ ಕತ್ತಲೆಯೆಂದು ತಿಳಿದು ಕ್ಯಾಮೆರಾ ಬೆಳಕು ಏರಿಸಿಕೊಂಡಿತ್ತು. ನಾನು ಬಿಳುಚಿಕೊಂಡು ಕಾಯಿಲೆಯವಳಂತಿದ್ದೆ.

"ಕ್ಯಾಮೆರಾ ನಿನ್ ಮೈಮೇಲಿಂದ, ಗೋಡೆಮೇಲಿಂದ ವಾಪಸ್ ಬರೋ ಬೆಳಕು ನೋಡತ್ತೆ. ಅದಕ್ಕೇ ದಾರಿ ತಪ್ಪತ್ತೆ," ಎಂದು ಮೀಟರನ್ನು ನನ್ನ ಕೆನ್ನೆಯ ಪಕ್ಕ ಹಿಡಿದು ಬಿಳಿ ಗುಂಬಟವನ್ನು ಕ್ಯಾಮೆರಾದ ಕಡೆ ತಿರುಗಿಸಿದರು. "ಇದು ನಿನ್ ಮುಖ ನೋಡಲ್ಲ ಕಣಮ್ಮ. ನಿನ್ ಮೇಲೆ ಬೀಳೋ ಬೆಳಕು ಎಷ್ಟು ಅಂತ ಮಾತ್ರ ನೋಡತ್ತೆ. ನೀನು ಕಪ್ಪಗಿದ್ರೂ ಅಷ್ಟೇ, ಬೆಳ್ಳಗಿದ್ರೂ ಅಷ್ಟೇ."

ಹೇಳಿಕೊಳ್ಳಲು ನಾಚಿಕೆಯಿಲ್ಲ, ಆ ಮಾತು ಕೇಳಿ ನನಗೆ ಎದೆ ತುಂಬಿ ಬಂತು. ಹುಟ್ಟಿದಾಗಿನಿಂದ ಕಡಲೆಹಿಟ್ಟು, ಅರಿಶಿನ, ಟ್ಯೂಬುಗಟ್ಟಲೆ ಕ್ರೀಮು ಎಂದು ಮುಖದ ಹಿಂದೆ ಬಿದ್ದವರನ್ನೇ ನೋಡಿದ್ದವಳು ನಾನು. ಮುಖದ ಗೊಡವೆಗೇ ಹೋಗದ ಒಂದು ವಸ್ತುವನ್ನು ಮೊದಲ ಸಲ ನೋಡಿದ್ದೆ. ಅಂಕಲ್ ಮುಳ್ಳು ನೋಡಿದರು, ಬಿಲ್ಲೆ ತಿರುಗಿಸಿದರು, ಕ್ಯಾಮೆರಾ ಹೊಂದಿಸಿಕೊಂಡರು, ತೆಗೆದರು. ಆ ಫೋಟೋದಲ್ಲಿ ನಾನು ನಾನೇ ಆಗಿದ್ದೆ. ಮಚ್ಚೆಯಿತ್ತು. ಕೆನ್ನೆಯ ಎಲುಬಿನ ಮೇಲೆ ಬೆಳಗಿನ ಬೆಳಕು ಎಣ್ಣೆ ಸವರಿದಂತೆ ಕೂತಿತ್ತು. ಕಪ್ಪು ಬಣ್ಣದೊಳಗೆ ಅಷ್ಟೊಂದು ಕೆಂಪು, ಕಂದು ಎಲ್ಲ ಇರುತ್ತದೆಂದು ನನಗೇ ಗೊತ್ತಿರಲಿಲ್ಲ.

ಅಮ್ಮ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಚೆನ್ನಾಗಿಲ್ಲ ಎನ್ನಲಿಲ್ಲ. "ಚೆನ್ನಾಗೇನೋ ಇದೆ ಅಣ್ಣಾ. ಆದ್ರೆ ಇದನ್ನ ಕಳಿಸಿದ್ರೆ ಯಾರು ಬರ್ತಾರೆ? ಒಂಚೂರು ಬೆಳ್ಳಗೆ ಮಾಡ್ಕೊಡಿ," ಎಂದರು.

"ಬರೋರು ಬರ್ತಾರಮ್ಮ. ಬಂದೋರ ಮುಖ ಇಳಿಯಲ್ಲ."

"ನಿಮಗೇನು, ಹೆಣ್ಮಕ್ಕಳಿಲ್ಲ. ಹೇಳ್ತೀರ."

ಅಂಕಲ್‌ಗೆ ಇದ್ದದ್ದು ಒಬ್ಬನೇ ಮಗ, ಆಗ ಹೆಬ್ಬಗೋಡಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಮುಂಗೋಪಿ ಅಂಕಲ್ ಹಾರಾಡುತ್ತಾರೆ ಎಂದುಕೊಂಡೆ. ಅವರು ಕೈಮುಗಿದರು, ಒಳಗೆ ಹೋದರು.

ಅಮ್ಮ ಸುಮ್ಮನಿರುವ ಪೈಕಿಯಲ್ಲ. ಅದೇ ಫೋಟೋ ಹಿಡಿದುಕೊಂಡು ಬಸ್ ಸ್ಟಾಪಿನ ಲ್ಯಾಬಿಗೆ ಹೋಗಿ ಅದನ್ನೂ ಗೋಧಿಹಿಟ್ಟು ಮಾಡಿಸಿಕೊಂಡು ಬಂದರು. ನಾನು ಅದನ್ನು ಅಮ್ಮನ ಎದುರಿಗೇ ಎರಡು ತುಂಡು ಮಾಡಿದೆ. ಅಂಕಲ್ ತೆಗೆದದ್ದನ್ನೇ ಕಳಿಸಿ, ಇಲ್ಲವಾದರೆ ಸೀರೆ ಉಟ್ಟು ಯಾರ ಮುಂದೆಯೂ ಬರುವವಳಲ್ಲ ಎಂದೆ. ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಕೊನೆಗೆ ಅಪ್ಪ ತಾವೇ ಹೋಗಿ ಆ ಫೋಟೋವನ್ನು ಬ್ರೋಕರಿಗೆ ಕೊಟ್ಟು ಬಂದರು.

ಯಾರೂ ಬರಲಿಲ್ಲ. ತಿಂಗಳುಗಳು ಕಳೆದರೂ ಬರಲಿಲ್ಲ. "ಬೇರೆ ಫೋಟೋ ಇಲ್ವಾಮ್ಮ?" ಎಂದು ಬ್ರೋಕರ್ ಫೋನಿನಲ್ಲಿ ಕೇಳುತ್ತಿದ್ದ. ಕೇಳಿದಾಗಲೆಲ್ಲ ಅಮ್ಮನ ಸಿಟ್ಟು ಕಾಂಪೌಂಡಿನ ಆಚೆಗೆ ತಿರುಗುತ್ತಿತ್ತು. ನನ್ನ ಮಗಳ ಬಾಳು ಹಾಳು ಮಾಡಿದ ಪುಣ್ಯಾತ್ಮ ಎಂದು ಅಂಕಲ್‌ಗೆ ಕೇಳುವ ಹಾಗೆಯೇ ಪಾತ್ರೆ ಕುಕ್ಕುತ್ತಿದ್ದರು. ಆಂಟಿಯ ಮನೆಯಿಂದ ಸಾರಿನ ಬಟ್ಟಲು ಬರುವುದು ನಿಂತಿತು. ನಮ್ಮ ಮನೆಯಿಂದ ಹೋಗುವುದೂ ನಿಂತಿತು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಭಯವಿತ್ತು. ನಾನಿರುವ ಹಾಗೆ ನೋಡಿದವರು ಒಬ್ಬರಾದರೂ ಬಾಗಿಲಿಗೆ ಬರುವುದಿಲ್ಲವೆಂದರೆ ಅದಕ್ಕಿಂತ ಮುಖ ಇಳಿಯುವುದೇ ವಾಸಿಯೇನೋ ಎಂದು ಕೆಲವು ದಿನ ಅನ್ನಿಸುತ್ತಿತ್ತು. ಆದರೂ ಫೋಟೋ ಬದಲಾಯಿಸಲು ಒಪ್ಪಲಿಲ್ಲ.

ಮನೆಯಲ್ಲಿ ಕೂತು ಅಮ್ಮನ ಪಾತ್ರೆಯ ಸದ್ದು ಕೇಳಲಾರದೆ ನಾನು ಅಂಕಲ್ ಜೊತೆ ಕೆಲಸಕ್ಕೆ ಹೋಗತೊಡಗಿದೆ. ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಯವರು ತಮ್ಮ ಸಾಮಾನುಗಳ ಕ್ಯಾಟಲಾಗಿಗೆ ಅವರಿಂದ ಫೋಟೋ ತೆಗೆಸುತ್ತಿದ್ದರು. ವಾಲ್ವು, ಗೇರು, ಪಂಪು. ಕರಿ ಕಬ್ಬಿಣದ ಎರಕದ ಪಕ್ಕದಲ್ಲೇ ಕನ್ನಡಿಯಂಥ ಕ್ರೋಮಿನ ಸರಳು ಇರುತ್ತಿತ್ತು. ಕ್ಯಾಮೆರಾದ ಲೆಕ್ಕ ಎರಡಕ್ಕೂ ಬೇರೆ ಬೇರೆ, ಮೀಟರಿನ ಲೆಕ್ಕ ಎರಡಕ್ಕೂ ಒಂದೇ. ಮೀಟರ್ ಹಿಡಿಯುವುದೂ ಒಂದು ವಿದ್ಯೆ. ನಾನು ಮೊದಮೊದಲು ಗುಂಬಟವನ್ನು ದೀಪದ ಕಡೆ ತಿರುಗಿಸುತ್ತಿದ್ದೆ. ದೀಪದ ಕಡೆಗಲ್ಲ, ಕ್ಯಾಮೆರಾದ ಕಡೆಗೆ. ನೀನು ನಿಂತ ಜಾಗದಲ್ಲಲ್ಲ, ಸಾಮಾನು ಇರುವ ಜಾಗದಲ್ಲಿ. ನಿನ್ನ ನೆರಳು ಅದರ ಮೇಲೆ ಬೀಳಕೂಡದು. ಒಂದು ದಿನ ಕೆಂಪು ಚೂಡಿದಾರ ಹಾಕಿಕೊಂಡು ಹೋಗಿದ್ದೆ. ಅದರ ಬಣ್ಣ ಕ್ರೋಮಿಗೆಲ್ಲ ಹೊಡೆಯಿತೆಂದು ಊಟದ ಹೊತ್ತಿನವರೆಗೂ ಬೈದರು.

ಕೈ ಪಳಗಿದ ಮೇಲೆ, ನಿನಗೂ ಒಂದು ಮೀಟರ್ ಬೇಕು ಎಂದು ಪೇಟೆಯೊಳಗಿನ ಹಳೆ ಕ್ಯಾಮೆರಾ ಅಂಗಡಿಗೆ ಕರೆದುಕೊಂಡು ಹೋದರು. ಮದುವೆ ಸೀರೆ ತೆಗೆಯುವವರ ಹಾಗೆ ಅಂಗಡಿಯವರ ಮುಂದೆ ಮೀಟರುಗಳನ್ನು ಹರಡಿಸಿಕೊಂಡು ಕೂತರು. ಗುಂಬಟ ಹಳದಿ ತಿರುಗಿದ್ದನ್ನು ಮೊದಲೇ ಪಕ್ಕಕ್ಕಿಟ್ಟರು. ಬ್ಯಾಟರಿ ಗೂಡಿನೊಳಗೆ ಹಸಿರು ಕಿಲುಬು ಇದ್ದದ್ದನ್ನೂ ಇಟ್ಟರು. ಗುಂಬಟವನ್ನು ಅಂಗೈಯಿಂದ ಮುಚ್ಚಿದರೆ ಮುಳ್ಳು ಪೂರ್ತಿ ಕೆಳಗೆ ಬಿದ್ದು ಮಲಗಬೇಕು, ಮಲಗದೆ ತೂಗಾಡಿದರೆ ಅದೂ ಬೇಡ. ಉಳಿದವನ್ನು ರಸ್ತೆಗೆ ಹಿಡಿದುಕೊಂಡು ಬಂದು, ತಮ್ಮ ಮೀಟರ್ ಪಕ್ಕದಲ್ಲಿಟ್ಟು ಬಿಸಿಲಲ್ಲೊಮ್ಮೆ, ಅಂಗಡಿಯ ಚಪ್ಪರದ ನೆರಳಲ್ಲೊಮ್ಮೆ ನೋಡಿದರು. ಆಟೋದವರು ಹಾರ್ನ್ ಹೊಡೆಯುತ್ತಿದ್ದರು, ಇವರಿಗೆ ಪರಿವೆಯೇ ಇಲ್ಲ.

"ತಪ್ಪೇ ಹೇಳದ ಮೀಟ್ರು ಸಿಗಲ್ಲಮ್ಮ. ಯಾವಾಗ್ಲೂ ಒಂದೇ ಥರ ತಪ್ಪು ಹೇಳೋದಿದ್ರೆ ತಗೋ, ಹೊಂದ್ಕೋಬೋದು. ಬಿಸಿಲಲ್ಲೊಂದು ನೆರಳಲ್ಲೊಂದು ಹೇಳೋದು ಮಾತ್ರ ಬೇಡ್ವೇ ಬೇಡ," ಎಂದರು. ನಮ್ಮಮ್ಮನ ಬ್ರೋಕರಿಗೂ ಇದನ್ನೇ ಹೇಳಿಕಳಿಸಿ ಅಂಕಲ್ ಎಂದೆ. ರಸ್ತೆಯ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. ಅವರು ಆರಿಸಿದ್ದು ಮುಳ್ಳಿನದು. ನಾನು ಹಟ ಮಾಡಿ ಅಂಕಿ ಮೂಡುವ ಹೊಸ ಥರದ್ದನ್ನು ತೆಗೆದುಕೊಂಡೆ. ಮುಂದಿನ ವಾರವೇ ಒಂದು ಪಂಪು ಕಾರ್ಖಾನೆಯಲ್ಲಿ ಅದರ ಬ್ಯಾಟರಿ ಮುಗಿದು ಅಂಕಿಗಳೆಲ್ಲ ಮಾಯವಾದವು. ಅಂಕಲ್ ಜೇಬಿನಿಂದ ತಮ್ಮದನ್ನು ತೆಗೆದುಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವರ್ಷದ ಆಯುಧಪೂಜೆಯಲ್ಲೇ ಕುಂಕುಮದ ಪ್ರಕರಣ ನಡೆದದ್ದು. ಆಂಟಿ ಭಕ್ತಿಯಿಂದ ಕ್ಯಾಮೆರಾಕ್ಕೆ, ಸ್ಟ್ಯಾಂಡಿಗೆ ಕುಂಕುಮ ಇಟ್ಟು, ಮೀಟರಿನ ಬಿಳಿ ಗುಂಬಟ ಹಣೆಯ ಹಾಗೆ ಕಂಡಿದ್ದರಿಂದ ಅದರ ನಡುಮಧ್ಯಕ್ಕೆ ದೊಡ್ಡದೊಂದು ಬೊಟ್ಟು ಇಟ್ಟಿದ್ದರು. ಮಾರನೆಯ ದಿನ ಅಂಕಲ್ ಅದನ್ನು ಪಂಚೆಯ ತುದಿಯಿಂದ ಒರೆಸಿದರು. ಬೊಟ್ಟು ಹೋಯಿತು, ಆದರೆ ಕುಂಕುಮ ಗುಂಬಟಕ್ಕೆಲ್ಲ ತೆಳ್ಳಗೆ ಹರಡಿಕೊಂಡಿತು. ಅವರ ಕಣ್ಣು ಯಾವಾಗಲೂ ಮುಳ್ಳಿನ ಮೇಲೆ, ಗುಂಬಟವನ್ನು ನೋಡಿದ್ದರೆ ತಾನೆ? ಮೀಟರು ಬೆಳಕು ಕಡಿಮೆಯಿದೆ ಎಂದು ಹೇಳತೊಡಗಿತು. ಅಂಕಲ್ ಅದನ್ನು ನಂಬಿ ಕ್ಯಾಮೆರಾಕ್ಕೆ ಬೆಳಕು ಹೆಚ್ಚು ಬಿಟ್ಟರು. ಕ್ಯಾಮೆರಾದ ಹಿಂದಿನ ಪರದೆಯನ್ನಂತೂ ಅವರು ನಂಬುವುದೇ ಇಲ್ಲ. ಆ ವಾರ ಫೋಟೋ ತೆಗೆಸಿಕೊಂಡವರೆಲ್ಲ ಬೆಳ್ಳಗೆ ಬಂದರು.

ಬೀದಿಯೆಲ್ಲ ಸುದ್ದಿ. "ಅಂಕಲ್, ಈ ಸಲ ಸಕ್ಕತ್ತಾಗಿ ಬಂದಿದೆ!" ಎಂದು ಜನ ನೆಂಟರನ್ನೆಲ್ಲ ಕರೆದುಕೊಂಡು ಬರತೊಡಗಿದರು. ಅಂಕಲ್‌ಗೆ ಮೊದಲು ಖುಷಿಯೋ ಖುಷಿ, ಕೊನೆಗೂ ಜನಕ್ಕೆ ಬುದ್ಧಿ ಬಂತು ಎಂದುಕೊಂಡರು. ಗುಂಬಟ ಗುಲಾಬಿಯಾಗಿದೆ ಎಂದು ನಾನು ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ತಲೆ ಮೇಲೆ ಕೈಹೊತ್ತು ಕೂತುಬಿಟ್ಟರು. ಆಮೇಲೆ ಎಲ್ಲರಿಗೂ ಹೇಳಿಕಳಿಸಿದರು, ಬನ್ನಿ, ಮತ್ತೊಮ್ಮೆ ಸರಿಯಾಗಿ ತೆಗೆದುಕೊಡುತ್ತೇನೆ ಎಂದು. ಒಬ್ಬನೇ ಒಬ್ಬ ವಾಪಸ್ ಬಂದಿದ್ದರೆ ಕೇಳಿ.

ಕಥೆ ನಮ್ಮಮ್ಮನ ಕಿವಿಗೂ ಬಿತ್ತು. ಅವತ್ತು ಸಂಜೆ ಅಂಕಲ್ ತಲೆಬಾಗಿಲಲ್ಲಿ ಕೂತು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಗುಂಬಟ ತಿಕ್ಕುತ್ತಿದ್ದರು. ಅಮ್ಮ ಕಾಂಪೌಂಡಿನ ಹತ್ತಿರ ಹೋಗಿ ನಿಂತರು. ಅಷ್ಟು ತಿಂಗಳ ಮೇಲೆ ಮೊದಲ ಸಲ ಬಾಯಿಬಿಟ್ಟರು. "ಅಣ್ಣಾ, ಅದನ್ನ ತೊಳೆಯೋಕ್ ಮುಂಚೆ ನನ್ ಮಗಳ್ದೊಂದು ತೆಗೀಬೋದಿತ್ತಲ್ಲ?"

ಅಂಕಲ್ ತಲೆ ಎತ್ತಿ ನೋಡಿದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಒಳಗಿನಿಂದ ಬಂದ ಆಂಟಿಯೂ ನಕ್ಕರು. ಅವತ್ತು ರಾತ್ರಿ ನಮ್ಮ ಮನೆಗೆ ಬಸ್ಸಾರು ಬಂತು.

ಅದಾದ ಮೇಲೆ ಸ್ವಲ್ಪ ಕಾಲಕ್ಕೆ ಆ ಫೋಟೋ ನೋಡಿ ಒಬ್ಬರು ಬಂದರು. ಪೀಣ್ಯದಲ್ಲೇ ಟೂಲ್ ರೂಮಿನಲ್ಲಿ ಕೆಲಸ, ಮಾತು ಕಡಿಮೆ. ನಾನು ಕಾಫಿ ತಟ್ಟೆ ಹಿಡಿದು ಬಂದೆ. ಅವರು ತಲೆ ಎತ್ತಿದರು. ನಾನು ನೇರವಾಗಿ ಅವರ ಮುಖವನ್ನೇ ನೋಡಿದೆ, ನಾಚಿಕೆ ಬಿಟ್ಟು. ಇಳಿಯಲಿಲ್ಲ. ಗೊತ್ತಿರುವವರನ್ನು ನೋಡುವ ಹಾಗೆ ನೋಡಿದರು, ಕಾಫಿ ತೆಗೆದುಕೊಂಡರು. ಮದುವೆಯಾದ ಮೇಲೆ ಬೇಕಾದಷ್ಟು ಕಾರಣಕ್ಕೆ ಅವರ ಮುಖ ಇಳಿದಿದೆ, ಅದು ಬೇರೆ ಮಾತು. ಅವತ್ತು ಇಳಿಯಲಿಲ್ಲ. ಅಂಕಲ್‌ಗೆ ಹೇಳಲು ಕಾಂಪೌಂಡಿನ ಹತ್ತಿರ ಓಡಿದೆ. ಅವರು ಕೇಳಿಸಿಕೊಂಡು, "ನಾನ್ ಹೇಳ್ಲಿಲ್ವಾ?" ಎಂದು ಬೇರೆ ಕಡೆ ತಿರುಗಿಕೊಂಡು ಕನ್ನಡಕ ಒರೆಸಿಕೊಂಡರು.

ಎರಡು ಸಾವಿರದ ಹತ್ತು ದಾಟುವ ಹೊತ್ತಿಗೆ ಅಂಕಲ್‌ಗೆ ಉಸಿರಾಟದ ತೊಂದರೆ ಶುರುವಾಯಿತು. ಕೆಲಸವನ್ನೆಲ್ಲ ನನಗೆ ವಹಿಸಿದರು. ಕೊನೆಕೊನೆಗೆ ಜಗಲಿಯಲ್ಲಿ ಕೂತು, ಹೋಗುವ ರೈಲು ನೋಡುತ್ತ, ಮೀಟರನ್ನು ಸುಮ್ಮನೆ ಅಂಗೈಯಲ್ಲಿಟ್ಟುಕೊಂಡು ಮುಳ್ಳು ಏರಿ ಇಳಿಯುವುದನ್ನು ನೋಡುತ್ತಿದ್ದರು. ಮೋಡ ಬಂದರೆ ಇಳಿಯುತ್ತಿತ್ತು, ಸರಿದರೆ ಏರುತ್ತಿತ್ತು... ಅವರು ಹೋದ ಮೇಲೆ ಆಂಟಿ ಅದನ್ನು ತಂದು ನನ್ನ ಕೈಗೆ ಕೊಟ್ಟರು.

ಈ ಸಲ ಪೂಜೆ ಮುಗಿಸಿ ಸಂಜೆ ಕಡ್ಲೆಪುರಿ, ಬೂಂದಿ ಕಟ್ಟಿಕೊಂಡು ಚಿಕ್ಕಬಾಣಾವರಕ್ಕೆ ಹೋದೆ. ಆಂಟಿಗೆ ವಯಸ್ಸಾಗಿದೆ, ಮಂಡಿ ನೋವು. ಮಗ ಸೊಸೆ ಈಗ ಅದೇ ಮನೆಯ ಮಹಡಿಯ ಮೇಲಿದ್ದಾರೆ. ಮೀಟರಿಗೆ ಹಿಂದುಗಡೆ ಮಾತ್ರ ಕುಂಕುಮ ಇಟ್ಟೆ ಆಂಟಿ ಎಂದೆ. ಬಹಳ ನಕ್ಕರು. ನಕ್ಕು ಕಣ್ಣೊರೆಸಿಕೊಂಡರು.

"ನನ್ ಫೋಟೋನೂ ಹಂಗೇ ಬೆಳ್ಳಗೆ ಮಾಡ್ಸಿದ್ರು ಕಣೆ ನಮ್ಮಪ್ಪ, ಗೊತ್ತಾ? ಆಗೆಲ್ಲಿ ಕಂಪ್ಯೂಟ್ರು? ಸ್ಟುಡಿಯೋದೋನು ನೆಗೆಟಿವ್ ಮೇಲೆ ಪೆನ್ಸಿಲ್ಲಲ್ಲಿ ತೀಡಿ ತೀಡಿ ಮಾಡ್ಕೊಟ್ಟಿದ್ದ. ಅದನ್ನ ನೋಡ್ಕೊಂಡೇ ಇವ್ರು ನಮ್ಮನೆಗೆ ಬಂದಿದ್ದು."

ನನಗೆ ಮುಂದಿನ ಮಾತು ಕೇಳುವುದೇ ಬೇಡ ಅನ್ನಿಸಿತು. ಆದರೂ ಆಂಟಿ ಹೇಳಿದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅಂಕಲ್ ತಲೆ ಎತ್ತಿ ಆಂಟಿಯನ್ನು ನೋಡಿದರಂತೆ. ಮುಖ ಇಳಿಯಿತಂತೆ. ಒಂದೇ ಗಳಿಗೆ. ಆಮೇಲೆ ನಕ್ಕರು, ಕಾಫಿ ಕುಡಿದರು, ಒಪ್ಪಿಗೆ ಎಂದು ಹೇಳಿಯೇ ಹೋದರು. ಮದುವೆಯಾಯಿತು, ಸಂಸಾರವಾಯಿತು, ಕೊನೆಯವರೆಗೂ ಚೆನ್ನಾಗಿಯೇ ನೋಡಿಕೊಂಡರು. "ನಾನು ನೋಡ್ದೆ ಅಂತ ಅವ್ರಿಗೆ ಗೊತ್ತಿತ್ತು. ಅವ್ರಿಗೆ ಗೊತ್ತು ಅಂತ ನಂಗೂ ಗೊತ್ತಿತ್ತು. ಒಂದ್ ದಿನಾನೂ ಇಬ್ರೂ ಆ ಮಾತೆತ್ತಲಿಲ್ಲ."

ನನಗೆ ಅಂಕಲ್ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನೀವೂ ಮುಖ ಇಳಿಸಿದ ಆ ಹುಡುಗನಂಥವರೇನಾ ಅಂಕಲ್ ಎಂದು ಜಗಳ ತೆಗೆಯಬೇಕು ಅನ್ನಿಸಿತು. ಜಗಳ ಆಡೋಣವೆಂದರೆ ಮನುಷ್ಯನೇ ಇಲ್ಲ. ಎಷ್ಟೊಂದು ಹುಡುಗಿಯರನ್ನು ಆ ಸ್ಟೂಲಿನ ಮೇಲೆ ಕೂರಿಸಿ, ಕೆನ್ನೆಯ ಪಕ್ಕ ಮೀಟರ್ ಹಿಡಿದು, ಒಂದು ಚೂರೂ ಬೆಳ್ಳಗೆ ಮಾಡಲು ಒಪ್ಪದೆ, ಬೀದಿಯ ಜನರ ಹತ್ತಿರವೆಲ್ಲ ಬೈಸಿಕೊಂಡಿದ್ದರು ಅವರು... ಅವರಿಲ್ಲ ಎನ್ನುವುದು ಅವತ್ತು ಚುಚ್ಚಿದಷ್ಟು ಯಾವತ್ತೂ ಚುಚ್ಚಿರಲಿಲ್ಲ.

"ನಿನ್ ಫೋಟೋ ತೆಗೆದ ದಿವ್ಸ ಅಡುಗೆಮನೆಗೆ ಬಂದ್ ನಿಂತ್ಕೊಂಡ್ರು," ಎಂದರು ಆಂಟಿ. "ಏನೋ ಹೇಳೋಕೆ ಬಂದೋರ ಥರ. ನಾನು ಕೈ ಒರೆಸ್ಕೊಂಡು ನಿಂತೆ. ಕುಡಿಯೋಕೆ ನೀರು ಕೊಡು ಅಂದ್ರು. ಕೊಟ್ಟೆ. ಕುಡ್ದು ಹೋದ್ರು."

"ನೀವಾದ್ರೂ ಕೇಳ್ಬೋದಿತ್ತಲ್ಲ ಆಂಟಿ?"

ಆಂಟಿ ಪುರಿಯ ಪೊಟ್ಟಣವನ್ನು ತೊಡೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು.

"ಕೇಳ್ಬೋದಿತ್ತು ಕಣೆ," ಎಂದರು. "ಇನ್ನೂ ಟೈಮಿದೆ ಅನ್ಕೊಂಡಿದ್ದೆ."